ನಾಲ್ಕು ಜನರನ್ನು ಕೇಳಿದ ಚಕ್ರವರ್ತಿ

ಆ ಶನಿವಾರ ಸಂಜೆ ನಮ್ಮ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ನಡೆದದ್ದನ್ನು ನಾನು ಕಂಡಷ್ಟು ಮಾತ್ರ ಬರೆಯುತ್ತೇನೆ. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಏನಾಗಬೇಕಿತ್ತು ಎಂಬುದನ್ನು ಒಂದು ಸಾಲಿನಲ್ಲಿ, ಏನಾಯಿತು ಎಂಬುದನ್ನು ಅದರ ಕೆಳಗಿನ ಸಾಲಿನಲ್ಲಿ ಬರೆದು ಬರೆದು ನನಗೆ ಅಭ್ಯಾಸ. ಆ ಸಂಜೆ ಆಗಬೇಕಿದ್ದದ್ದು ಇಷ್ಟು: ಮೂರ್ನಾಲ್ಕು ಜನ ಬಂದು ಒಂದಷ್ಟು ಕುರ್ಚಿ ಸರಿಸಿ, ಟೀ ಕುಡಿದು ಹೋಗಬೇಕಿತ್ತು.

ನಾವಿದ್ದದ್ದು ಸ್ವೀಡನ್ನಿನ ನಾರ್‌ಶೋಪಿಂಗ್‌ನಲ್ಲಿ, ಮೂರನೇ ಮಹಡಿಯ ಒಂದು ಮನೆಯಲ್ಲಿ. ಮನೆಯ ಒಡತಿ ಬೇರೆ ದೇಶದಲ್ಲಿದ್ದಳು. ಅವಳು ನಮಗೆ ಬಾಡಿಗೆಗೆ ಕೊಡಲು ಒಪ್ಪಿದರೆ ಸಾಲದು. ಇಲ್ಲಿ ಇಂಥ ಕಟ್ಟಡಗಳಿಗೆ ನಿವಾಸಿಗಳದೇ ಒಂದು ಸಂಘವಿರುತ್ತದೆ, ಸಂಘಕ್ಕೊಂದು ಮಂಡಳಿ, ಆ ಮಂಡಳಿ ವರ್ಷಕ್ಕೊಮ್ಮೆ ಇವರು ಇರಬಹುದು ಎನ್ನಬೇಕು. ಈಸ್ಟರ್ ಕಳೆದ ಗುರುವಾರ ಆ ಸಭೆಯಿತ್ತು. ಬೇಡ ಎಂದರೆ ಬೇಸಿಗೆಯೊಳಗೆ ನಾವು ಖಾಲಿ ಮಾಡಬೇಕು, ಆ ಬಡಾವಣೆಯಲ್ಲಿ ಬೇರೆ ಮನೆ ಸಿಗುವುದಿಲ್ಲ, ಏಳನೇ ತರಗತಿಯ ಮಗಳು ಮತ್ತೆ ಶಾಲೆ ಬದಲಿಸಬೇಕು. ಮೊದಲು ಬೆಂಗಳೂರು, ಆಮೇಲೆ ಇದೇ ದೇಶದ ಶೋವ್ಡೆ, ಆಮೇಲೆ ಇಲ್ಲಿ. ಹಿಂದಿನ ವಾರ ಊಟ ಮಾಡುತ್ತ, ತಟ್ಟೆಯಿಂದ ತಲೆ ಎತ್ತದೆ ಅವಳು ಹೇಳಿದ್ದಳು: "ಇನ್ನೊಂದು ಸ್ಕೂಲಿಗೆ ಹಾಕಿದ್ರೆ ನಾನು ಯಾರ ಜೊತೇನೂ ಮಾತಾಡಲ್ಲ. ಫ್ರೆಂಡ್ಸ್ ಮಾಡ್ಕೊಂಡು ಏನ್ ಯೂಸ್?" ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದಳು.

ಮಂಡಳಿಯಲ್ಲಿ ಐದು ಜನರಿದ್ದರೂ ಮೂವರು ಎಲ್ಲದಕ್ಕೂ ತಲೆಯಾಡಿಸುವವರು. ಮಾತು ನಡೆಯುವುದು ಇಬ್ಬರದು. ಅಧ್ಯಕ್ಷೆ ಎಪ್ಪತ್ತರ ಹತ್ತಿರದ ಸ್ವೀಡಿಷ್ ಹೆಂಗಸು, ನಿವೃತ್ತ ದಂತ ನರ್ಸ್, ಚರ್ಚಿನ ಗಾಯನ ತಂಡದಲ್ಲಿ ಹಾಡುವವರು. ಉಪಾಧ್ಯಕ್ಷರು ಬೋಸ್ನಿಯಾದವರು, ಮುಸ್ಲಿಮರು, ಊರಿನ ಟ್ರಾಮ್ ಓಡಿಸುವವರು, ಸಣ್ಣ ವಯಸ್ಸಿನಲ್ಲಿ ತಮ್ಮ ದೇಶದ ಯುದ್ಧದಿಂದ ತಪ್ಪಿಸಿಕೊಂಡು ಬಂದವರು. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದು, ಏಕವಚನದಲ್ಲೇ ಮಾತಾಡಿಸಬೇಕು. ನನಗೆ ನಾಲಿಗೆ ಏಳುತ್ತಿರಲಿಲ್ಲ. ಆದ್ದರಿಂದ ಇಬ್ಬರನ್ನೂ ಏನೂ ಕರೆಯದೆ, ಎದುರಿಗೆ ಹೋಗಿ ನಿಂತು, ಅವರು ನನ್ನತ್ತ ನೋಡುವವರೆಗೆ ಕಾಯುತ್ತಿದ್ದೆ.

ಈ ಇಬ್ಬರಿಗೂ ಜಗಳ ಬಂದದ್ದು ಆ ಹಾಲ್‌ಗಾಗಿ. ಸರಿಯಾಗಿ ಹೇಳಬೇಕೆಂದರೆ ಹಾಲ್‌ನ ಅಡುಗೆಮನೆಯಲ್ಲಿದ್ದ ಒಂದೇ ಒಂದು ಓವನ್‌ಗಾಗಿ. ಹಾಲ್ ಬುಕ್ ಮಾಡಲು ಹಳೆಯ ಪದ್ಧತಿಯೊಂದಿತ್ತು: ಮೆಟ್ಟಿಲ ಪಕ್ಕದ ಹಲಗೆಯಲ್ಲಿ ದಿನಕ್ಕೊಂದು ತೂತು, ಪ್ರತಿ ಮನೆಗೊಂದು ಪುಟ್ಟ ಬೀಗ. ಬೇಕಾದ ದಿನದ ತೂತಿಗೆ ನಿಮ್ಮ ಬೀಗ ಹಾಕಿದರೆ ಹಾಲ್ ನಿಮ್ಮದು. ಹಿಂದಿನ ವರ್ಷ ಹೊಸ ಪದ್ಧತಿ ಬಂತು, ಮೊಬೈಲ್ ಆಪ್. ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಮಂಡಳಿಯಲ್ಲಿ ಒಮ್ಮತ ಆಗಲಿಲ್ಲ. ಒಮ್ಮತವಾಗದೆ ಇಲ್ಲಿ ಯಾವುದನ್ನೂ ತೆಗೆಯುವುದಿಲ್ಲ. ಹೀಗಾಗಿ ಎರಡೂ ಉಳಿದವು. ಈಸ್ಟರ್ ಹಿಂದಿನ ಶನಿವಾರಕ್ಕೆ ಅಧ್ಯಕ್ಷೆ ಗಾಯನ ತಂಡದ ಹಬ್ಬದೂಟಕ್ಕಾಗಿ ಬೀಗ ಹಾಕಿದ್ದರು. ಅದೇ ಶನಿವಾರಕ್ಕೆ ಉಪಾಧ್ಯಕ್ಷರು ರಂಜಾನ್ ಉಪವಾಸ ಬಿಡುವ ಕೂಟಕ್ಕಾಗಿ ಆಪ್‌ನಲ್ಲಿ ಬುಕ್ ಮಾಡಿದ್ದರು. ಇಬ್ಬರದೂ ಸರಿ. ಹಲಗೆಯನ್ನೂ ನೋಡಿದೆ, ಆಪನ್ನೂ ನೋಡಿದೆ. ಯಾರೂ ಸುಳ್ಳು ಹೇಳಿರಲಿಲ್ಲ.

ಆ ವಾರ ಅವರಿಬ್ಬರು ಮೆಟ್ಟಿಲಲ್ಲಿ ಎದುರಾದರೆ ಹೇಗಿರುತ್ತಿತ್ತೆಂದರೆ, ಕೂಗಾಟವಿಲ್ಲ, ಬೈಗುಳವಿಲ್ಲ. ಒಬ್ಬರು "ನಮಸ್ಕಾರ, ಬೀಗ ನೋಡಿದಿರಾ?" ಎನ್ನುವರು. ಇನ್ನೊಬ್ಬರು "ನಮಸ್ಕಾರ, ಆಪ್ ನೋಡಿದಿರಾ?" ಎನ್ನುವರು. ಅಷ್ಟೇ. ಆದರೆ ಗುರುವಾರ ಇವರಿಬ್ಬರೂ ಒಂದೇ ಮೇಜಿನ ಮುಂದೆ ಕೂತು ನಮ್ಮ ಬಗ್ಗೆ ಒಮ್ಮತಕ್ಕೆ ಬರಬೇಕಿತ್ತು.

ಇದೇ ವಾರ ಮಗಳಿಗೆ ಇತಿಹಾಸದ ಹೋಮ್‌ವರ್ಕ್. ಮಧ್ಯಯುಗದಲ್ಲಿ ಕ್ರೈಸ್ತರೂ ಮುಸ್ಲಿಮರೂ ಧರ್ಮದ ಹೆಸರಿನಲ್ಲಿ ಏಕೆ ಯುದ್ಧ ಮಾಡಿದರು? ಶಿಕ್ಷಕಿ ಚೀಟಿ ಎತ್ತಿಸಿ ಪ್ರತಿಯೊಬ್ಬರಿಗೂ ಒಂದು ಪಾತ್ರ ಕೊಟ್ಟಿದ್ದರು. ರಜೆ ಮುಗಿದ ಮೇಲೆ ಆ ಪಾತ್ರವಾಗಿ ನಿಂತು ತಾನೇಕೆ ಹೊರಟೆ ಎಂದು ಹೇಳಬೇಕು. ಷರತ್ತು ಎರಡು. "ಧರ್ಮಕ್ಕಾಗಿ" ಎಂದಷ್ಟೇ ಹೇಳಿ ಕುಳಿತರೆ ಅಂಕವಿಲ್ಲ. ಧರ್ಮ ಬರೀ ನೆಪವಾಗಿತ್ತು ಎಂದರೂ ಅಂಕವಿಲ್ಲ. ಮಗಳ ಚೀಟಿಯಲ್ಲಿ ಬಂದದ್ದು ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ.

"ನಂಗೆ ನೈಟ್ ಬೇಕಿತ್ತು ಅಮ್ಮ," ಎಂದಳು. "ಕುದುರೆ, ಕತ್ತಿ ಎಲ್ಲ ಇರೋನು. ಇವ್ನು ಯುದ್ಧಕ್ಕೇ ಹೋಗಲ್ಲ. ಹೆಲ್ಪ್ ಬೇಕು ಅಂತ ಮೆಸೇಜ್ ಕಳಿಸ್ತಾನೆ ಅಷ್ಟೆ."

"ಒಳ್ಳೆ ಮ್ಯಾನೇಜರ್ ಇದ್ದಂಗ ಅದಾನ," ಎಂದ ನನ್ನ ಗಂಡ. ಅವನು ಹುಬ್ಬಳ್ಳಿಯವನು. ಇಲ್ಲಿನ ಕನ್ನಡ ಬಳಗದ ಬೆಂಗಳೂರಿನವರ ನಡುವೆ ಅಳೆದು ತೂಗಿ ಮಾತಾಡುತ್ತಾನೆ. ಮನೆಗೆ ಬಂದು ಶೂ ಬಿಚ್ಚುವಾಗ ಆ ಭಾಷೆಯನ್ನೂ ಬಿಚ್ಚಿಡುತ್ತಾನೆ.

ಮಗಳು ವಿವರಿಸಿದಳು. ತುರ್ಕರು ಚಕ್ರವರ್ತಿಯ ದೇಶದ ದೊಡ್ಡ ಭಾಗವನ್ನೇ ಹಿಡಿದಿದ್ದರು. ಅವನಿಗೆ ಬೇಕಾಗಿದ್ದದ್ದು ಕೊಟ್ಟ ಸಂಬಳಕ್ಕೆ ಹೇಳಿದಷ್ಟು ಕೆಲಸ ಮಾಡುವ ಒಂದಿಷ್ಟು ಕುದುರೆ ಸವಾರರು. "ಕಾಂಟ್ರಾಕ್ಟರ್ಸ್ ಥರ," ಎಂದಳು. ಅವನು ರೋಮಿನ ಪೋಪ್‌ಗೆ ಹೇಳಿ ಕಳಿಸಿದ. ಪೋಪ್‌ಗೂ ತನ್ನದೇ ತಲೆನೋವುಗಳಿದ್ದವು. ಅವನ ಕಡೆಯ ನೈಟ್‌ಗಳು ದಿನಾ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಪೂರ್ವದ ಚರ್ಚು ಅವನ ಮಾತು ಕೇಳುತ್ತಿರಲಿಲ್ಲ. ಪೋಪ್ ಬಯಲಿನಲ್ಲಿ ನಿಂತು, ನಿಮ್ಮ ಪೂರ್ವದ ಸೋದರರು ಕಷ್ಟದಲ್ಲಿದ್ದಾರೆ, ಹೊರಡಿ, ಜೆರುಸಲೇಮ್ ಬಿಡಿಸಿ, ಹೊರಟವರ ಪಾಪಕ್ಕೆ ಪ್ರಾಯಶ್ಚಿತ್ತ ಆಯಿತೆಂದು ತಿಳಿಯಿರಿ ಎಂದ.

"ಆಮೇಲೆ?" ಎಂದೆ.

"ಆಮೇಲೆ ಏನು, ಎಲ್ಲರೂ ಬಂದ್ರು. ಅವ್ನು ಕೇಳಿದ್ದು ಸ್ವಲ್ಪ ಜನ. ಮೊದಲು ಬಂದಿದ್ದು ಯಾರು ಗೊತ್ತಾ? ರೈತರು. ಹೆಂಡ್ತಿ ಮಕ್ಕಳು ಸಮೇತ. ಊಟಾನೂ ಇಲ್ಲ ಅವರ ಹತ್ರ. ಇವ್ನು ಬೇಗ ಬೇಗ ಹಡಗು ಕೊಟ್ಟು ಆಚೆ ದಡಕ್ಕೆ ಸಾಗಿಸ್ಬಿಟ್ಟ."

"ಪಾಪ," ಎಂದ ಗಂಡ. "ಮದುವೀಗೆ ಕರದಂಗ ಆಗೇದ."

"ಮುಸ್ಲಿಮರು ಆಗ ಏನು ಮಾಡ್ತಿದ್ರು?" ಎಂದೆ.

"ಅವರವರಲ್ಲೇ ಜಗಳ ಆಡ್ತಿದ್ರು. ಬಾಗ್ದಾದ್ ಕಡೆಯವರಿಗೂ ಕೈರೋ ಕಡೆಯವರಿಗೂ ಆಗ್ತಿರ್ಲಿಲ್ಲ. ಬಂದೋರು ಯಾರು, ಯಾಕೆ ಬಂದ್ರು ಅಂತಾನೇ ಗೊತ್ತಾಗ್ಲಿಲ್ಲ. ಜೆರುಸಲೇಮ್ ಕೈ ತಪ್ಪಿದ್ಮೇಲೆ ನಿಧಾನಕ್ಕೆ ಅವರಲ್ಲೂ ಧರ್ಮಕ್ಕೋಸ್ಕರ ಒಟ್ಟಾಗಿ ಅನ್ನೋರು ಬಂದ್ರು. ಅದಕ್ಕೆ ತುಂಬ ವರ್ಷ ಆಯ್ತು. ಮಧ್ಯದಲ್ಲಿ ಇಬ್ಬರೂ ವ್ಯಾಪಾರ ಮಾಡ್ತಿದ್ರಂತೆ, ಒಪ್ಪಂದ ಮಾಡ್ಕೊಂಡು ಹೊಲದ ಬೆಳೆ ಹಂಚ್ಕೋತಿದ್ರಂತೆ."

ಜೆರುಸಲೇಮ್ ಬಿದ್ದ ದಿನದ ಪುಟ ಬಂದಾಗ ಅವಳು ಜೋರಾಗಿ ಓದಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಗೋಡೆ ದಾಟಿ ಒಳಹೊಕ್ಕವರು ಅಲ್ಲಿದ್ದ ಮುಸ್ಲಿಮರನ್ನೂ ಯೆಹೂದಿಗಳನ್ನೂ ಗಂಡಸು, ಹೆಂಗಸು, ಮಗು ಎನ್ನದೆ ಕೊಂದರು. ಅನಂತರ ಯೇಸುವಿನ ಪವಿತ್ರ ಸಮಾಧಿಯ ಮುಂದೆ ಹೋಗಿ ಸಂತೋಷಕ್ಕೆ ಅತ್ತು ಪ್ರಾರ್ಥನೆ ಮಾಡಿದರು. ಇದನ್ನೂ ಅದನ್ನೂ ಮಾಡಿದವರು ಅವರೇ.

"ಅಳು ನಿಜಾನಾ ಅಮ್ಮ?" ಎಂದಳು.

ನಿಜವೇ ಇರಬೇಕು ಎಂದೆ. ಅದೇ ನನ್ನನ್ನು ಹೆದರಿಸಿದ್ದು. ಸುಳ್ಳು ಅಳುವಾಗಿದ್ದರೆ ಅರ್ಥಮಾಡಿಕೊಳ್ಳುವುದು ಸುಲಭವಿತ್ತು.

ಗುಡ್ ಫ್ರೈಡೇ ದಿನ ನನ್ನ ಗಂಡನಿಗೊಂದು ಉಪಾಯ ಹೊಳೆಯಿತು. ಹಾಲ್‌ನ ಪಕ್ಕದಲ್ಲೇ ಟೇಬಲ್ ಟೆನಿಸ್ ಆಡುವ ಕೋಣೆ. ಆ ಭಾರದ ಟೇಬಲನ್ನು ಮಡಚಿ ಹೊರಗಿಟ್ಟು, ಕುರ್ಚಿ ಹಾಕಿದರೆ ಎರಡು ಹಾಲ್ ಆದ ಹಾಗೆ. ಒಬ್ಬರು ಇಲ್ಲಿ, ಒಬ್ಬರು ಅಲ್ಲಿ. ಇಬ್ಬರೂ ಗುರುವಾರ ನಮ್ಮನ್ನು ಒಳ್ಳೆಯವರು ಎಂದುಕೊಳ್ಳುತ್ತಾರೆ. ಉಪಾಯದಲ್ಲಿ ತಪ್ಪಿರಲಿಲ್ಲ. ಅಧ್ಯಕ್ಷೆಯನ್ನೂ ಉಪಾಧ್ಯಕ್ಷರನ್ನೂ ಬೇರೆ ಬೇರೆಯಾಗಿ ಕೇಳಿದೆವು. ಇಬ್ಬರೂ "ಸರಿ, ಇನ್ನೊಬ್ಬರು ಆ ಕೋಣೆಗೆ ಹೋಗಲಿ" ಎಂದರು. ಅಷ್ಟನ್ನು ಒಪ್ಪಿಗೆ ಎಂದೇ ಗಂಡ ತೆಗೆದುಕೊಂಡ.

ಆಮೇಲೆ ಕನ್ನಡ ಬಳಗದ ವಾಟ್ಸಾಪ್ ಗ್ರೂಪಿಗೆ ಹಾಕಿದ. ಕಳಿಸುವ ಮುಂಚೆ ನನಗೆ ತೋರಿಸಿದ: "ನಾಳೆ ಸಂಜೆ ಐದಕ್ಕೆ ನಮ್ಮ ಬಿಲ್ಡಿಂಗ್ ಹಾಲ್‌ನಲ್ಲಿ ಒಂದು ಟೇಬಲ್, ಸ್ವಲ್ಪ ಕುರ್ಚಿ ಸರಿಸಬೇಕು. ನಾಲ್ಕು ಜನ ಬಂದರೆ ಸಾಕು. ಎಲ್ಲರೂ ಬನ್ನಿ."

"ನಾಲ್ಕು ಜನ ಸಾಕು ಅಂದ್ಮೇಲೆ ಎಲ್ಲರೂ ಬನ್ನಿ ಅಂತ ಯಾಕೆ?" ಎಂದೆ.

"ಹಂಗ ಬರೀಲಿಲ್ಲ ಅಂದ್ರ ಉಳದವರು ಏನಂತಾರ? ನಮ್ಮನ್ನ ಕರೀಲಿಲ್ಲ ಅಂತ ಮಾರಿ ಉಬ್ಬಿಸ್ಕೋತಾರ. ಅದು ಸುಮ್ನ ಕರಿಯೋದು, ಯಾರು ಬರ್ತಾರ?"

ಆ ಮಾತು ನನಗೂ ಸರಿಯೆನಿಸಿತು. ನಮ್ಮಲ್ಲಿ ಯಾರೂ ಹಾಗೆ ಕರೆಯದೆ ಇರುವುದಿಲ್ಲ, ಹಾಗೆ ಕರೆದದ್ದಕ್ಕೆ ಬರುವುದೂ ಇಲ್ಲ.

ಬಳಗದಲ್ಲಿ ಎಲ್ಲದಕ್ಕೂ ಮುಂದೆ ನಿಲ್ಲುವ ಮಂಡ್ಯದ ಸ್ನೇಹಿತನೊಬ್ಬನಿದ್ದಾನೆ. ಲಾಜಿಸ್ಟಿಕ್ಸ್ ಕಂಪನಿಯೊಂದರಲ್ಲಿ ಕೆಲಸ. ಬಂಗಾರದಂಥ ಮನುಷ್ಯ, ಯಾರ ಮನೆ ಸಾಮಾನು ಸಾಗಿಸಬೇಕೆಂದರೂ ಅವನೇ. ನಮ್ಮ ಮನೆಯ ವಿಷಯ ಮಂಡಳಿಯ ಮುಂದಿದೆ ಎಂದು ಅವನಿಗೆ ಗೊತ್ತಿತ್ತು. ಅವನು ಆ ಮೆಸೇಜನ್ನು ಬೇರೆ ಗ್ರೂಪ್‌ಗಳಿಗೂ ಕಳಿಸಿದ. ಕಳಿಸುವಾಗ ಮೇಲೊಂದು ಸಾಲು ಸೇರಿಸಿದ: "ನಮ್ಮವರ ಮನೆ ಪ್ರಶ್ನೆ. ನಮ್ಮ ಬಲ ತೋರಿಸೋ ಟೈಮ್." ಅದನ್ನು ನಾನು ನೋಡಿದ್ದು ಶನಿವಾರ ಮಧ್ಯಾಹ್ನ. ಅಷ್ಟು ಹೊತ್ತಿಗೆ ದೂರದ ಓರೆಬ್ರೂ ಊರಿನಿಂದ ಒಂದು ಕಾರು ಹೊರಟಾಗಿತ್ತು.

ಆ ದಿನ ಅಂಗಡಿಗಳು ಬೇಗ ಮುಚ್ಚಿದ್ದವು. ನಾಲ್ಕು ದಿನದ ರಜೆ, ಹೊರಗೆ ಚಳಿ, ಯಾರಿಗೂ ಮಾಡಲು ಕೆಲಸವಿಲ್ಲ. ಐದಕ್ಕೆ ಮೊದಲೇ ಜನ ಬರತೊಡಗಿದರು. ಸ್ಟೀಲ್ ಡಬ್ಬಿಗಳು ಬಂದವು, ಮಕ್ಕಳು ಬಂದರು, ತಳ್ಳುಗಾಡಿಗಳು ಬಂದವು. ಬರಿಗೈಯಲ್ಲಿ ಒಬ್ಬರೂ ಬರಲಿಲ್ಲ. ನಲವತ್ತರ ಹತ್ತಿರ ಇದ್ದರು ಎಂದು ನನ್ನ ಅಂದಾಜು. ಗಂಡ ಇನ್ನೂ ಹೆಚ್ಚು ಎನ್ನುತ್ತಾನೆ.

ಮಗಳು ಹಾಲ್‌ನ ಬಾಗಿಲಲ್ಲಿ ನಿಂತು ಒಳಬರುವ ಒಬ್ಬೊಬ್ಬರನ್ನೂ ಕೇಳುತ್ತಿದ್ದಳು: "ಅಂಕಲ್, ನೀವು ಯಾಕೆ ಬಂದ್ರಿ?"

"ನಿಮ್ಮಪ್ಪ ಕರೆದ್ರಲ್ಲ ಪುಟ್ಟಿ."

"ಅದು ಬಿಟ್ಟು. ನಿಜವಾಗ್ಲೂ ಯಾಕೆ?"

"ನಿಜ ಹೇಳ್ಲಾ? ಅತ್ತೆ ವೀಡಿಯೊ ಕಾಲ್ ಮಾಡೋ ಟೈಮು. ಯಾರಿಗೂ ಹೇಳ್ಬೇಡ."

ಸಂಶೋಧನೆ ಮಾಡುವ ಹುಡುಗನೊಬ್ಬ ಹಸಿವಾಗಿತ್ತು ಎಂದ. ಹೊಸದಾಗಿ ಬಂದ ದಂಪತಿ, ಈ ಕಟ್ಟಡದಲ್ಲಿ ಮನೆ ಸಿಗಬಹುದೇನೋ ಎಂದು ನೋಡಲು ಬಂದಿದ್ದರು. ಒಬ್ಬನಿಗೆ ಇಲ್ಲಿ ಕಾರು ನಿಲ್ಲಿಸಿದ್ದಕ್ಕೆ ಹಿಂದೆ ಅಧ್ಯಕ್ಷೆಯಿಂದ ಬುದ್ಧಿಮಾತು ಕೇಳಿಸಿಕೊಂಡ ಸಿಟ್ಟಿತ್ತು. ನಮಗಿಂತ ಹಿರಿಯರಾದ ಒಬ್ಬರು, ದೊಡ್ಡ ಪಾತ್ರೆಯ ತುಂಬ ಚಿತ್ರಾನ್ನ ಹೊತ್ತು ತಂದವರು, "ಕಷ್ಟದಲ್ಲಿ ಇರೋರಿಗೆ ನಿಂತ್ರೆ ಪುಣ್ಯ ಬರುತ್ತೆ ಕಣಮ್ಮ," ಎಂದರು.

"ಅದೂ ಇದೆ ನೋಡು," ಎಂದಳು ಮಗಳು ನನ್ನ ಕಡೆ ತಿರುಗಿ, ಬಹಳ ಖುಷಿಯಿಂದ. "ಅವರು ಸೀರಿಯಸ್ಸಾಗೇ ಹೇಳ್ತಿದಾರೆ."

ಮಂಡ್ಯದ ಸ್ನೇಹಿತ ಹಾಲ್‌ನ ನಡುವೆ ನಿಂತು ಕೈ ಉಜ್ಜಿಕೊಂಡ. "ಎಲ್ಲಪ್ಪ, ಎಲ್ಲಿ ಟೇಬಲ್ಲು?" ಅವನು ಮತ್ತು ಇನ್ನು ಮೂವರು ಟೇಬಲನ್ನು ಮಡಚಿ ಹೊರಗಿಟ್ಟರು. ಆಯಿತು. ಕೆಲಸ ಮುಗಿಯಿತು. ಉಳಿದವರು ನಿಂತಿದ್ದರು.

ಕೆಲಸವಿಲ್ಲದ ಜನರನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮೊದಲ ಕೆಲವು ನಿಮಿಷ ಹರಟೆ. ಆಮೇಲೆ ಯಾರೋ ಅಡುಗೆಮನೆಗೆ ಹೋಗಿ ಓವನ್ ಹಚ್ಚಿದರು, ಡಬ್ಬಿಯಲ್ಲಿದ್ದದ್ದನ್ನು ಬಿಸಿ ಮಾಡಲು. ಮತ್ಯಾರೋ ರೈಸ್ ಕುಕ್ಕರ್ ಇಟ್ಟರು. "ಬಂದೋರಿಗೆ ಅಟ್ಲೀಸ್ಟ್ ಉಪ್ಪಿಟ್ಟಾದ್ರೂ ಬೇಡ್ವಾ?" ಎಂಬ ದನಿ ಕೇಳಿತು. ಆಗ ಇನ್ನೊಂದು ದನಿ, ಹಾಲ್ ಯಾರಿಗೆ ಸೇರಬೇಕು ಎಂದು ಕೇಳಿತು. ಆ ಪ್ರಶ್ನೆ ಯಾರಿಂದ ಬಂತೆಂದು ನನಗೆ ಗೊತ್ತಿಲ್ಲ. ನಾನು ಆಗ ಚಮಚ ಹುಡುಕುತ್ತಿದ್ದೆ. ಮರಳಿ ಬಂದಾಗ ಎರಡು ಗುಂಪುಗಳಾಗಿದ್ದವು.

"ಬೀಗ ಹಾಕಿದೋರ್ದೇ ಹಾಲು. ರೂಲ್ಸ್ ಅಂದ್ರೆ ರೂಲ್ಸು."

"ಯಾವ ಕಾಲದಲ್ಲಿದೀಯ ಗುರು? ಆಪ್ ಇರೋದು ಯಾಕೆ ಮತ್ತೆ? ನಾವು ಐಟಿಯೋರು, ಬೀಗಕ್ಕೆ ವೋಟ್ ಹಾಕ್ತೀವಾ?"

"ಪಾಪ ವಯಸ್ಸಾದ ಹೆಂಗಸು."

"ಪಾಪ ಬೆಳಗಿಂದ ಉಪವಾಸ ಇರೋ ಮನುಷ್ಯ."

"ನೀನು ಅವರ ಕಡೆನಾ?"

"ನೀನ್ಯಾಕೆ ಇವರ ಕಡೆ? ಮನೆ ಬೇಕಲ್ಲ, ಅದಕ್ಕಾ?"

ಇವರಲ್ಲಿ ಹೆಚ್ಚಿನವರು ಅಧ್ಯಕ್ಷೆಯನ್ನೂ ಉಪಾಧ್ಯಕ್ಷರನ್ನೂ ಅದುವರೆಗೆ ಕಂಡೇ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅವರಿಬ್ಬರೂ ಆ ಹೊತ್ತಿಗೆ ಬಾಗಿಲಾಚೆ ಬಂದು ನಿಂತಿದ್ದರು. ಅಧ್ಯಕ್ಷೆಯ ಕೈಯಲ್ಲಿ ಆಲೂಗಡ್ಡೆ, ಕೆನೆ, ಮೀನು ಹಾಕಿ ಓವನ್‌ನಲ್ಲಿಡಲು ಸಿದ್ಧ ಮಾಡಿದ ಟ್ರೇ. ಉಪಾಧ್ಯಕ್ಷರ ಕೈಯಲ್ಲಿ ಹಾಳೆಯಂಥ ಹಿಟ್ಟಿನೊಳಗೆ ಮಾಂಸ ಸುತ್ತಿದ ಬುರೆಕ್‌ನ ಟ್ರೇ. ಬಾಗಿಲು ತಾನಾಗಿ ಬೀಗ ಬೀಳುವಂಥದು. ಇಬ್ಬರ ಕೈಯೂ ತುಂಬಿತ್ತು. ಗಾಜಿನಾಚೆಯಿಂದ ಒಳಗೆ ನೋಡುತ್ತಿದ್ದರು. ಒಳಗಿನಿಂದ ಒಗ್ಗರಣೆಯ ಹೊಗೆ.

ನಾನು ಬಾಗಿಲು ತೆರೆಯಲು ಹೊರಟೆ. ಆಗಲೇ ಅದು ಆದದ್ದು. ಕಿಟಕಿಯ ಬಳಿಯ ಮೇಜಿನ ಮೇಲೆ, ಅಧ್ಯಕ್ಷೆ ಬೆಳಗ್ಗೆಯೇ ಇಟ್ಟು ಹೋಗಿದ್ದ ಹೂದಾನಿಯಿತ್ತು. ಅದರಲ್ಲಿ ಬರ್ಚ್ ಮರದ ಕಡ್ಡಿಗಳು, ಕಡ್ಡಿಗಳಿಗೆ ಬಣ್ಣದ ಗರಿ ಮತ್ತು ಬಣ್ಣ ಬಳಿದ ಮೊಟ್ಟೆಚಿಪ್ಪು ಕಟ್ಟಿ ಮಾಡಿದ ಈಸ್ಟರ್ ಅಲಂಕಾರ. ಯಾರು ಯಾರನ್ನು ತಳ್ಳಿದರೆಂದು ನಾನು ಹೇಳಲಾರೆ. ಮೇಜು ವಾಲಿದ್ದನ್ನು ನೋಡಿದೆ, ಹೂದಾನಿ ನೆಲಕ್ಕೆ ಬಿದ್ದದ್ದನ್ನು ನೋಡಿದೆ. ಅದಕ್ಕೆ ಸ್ವಲ್ಪ ಮುಂಚೆ ಮಂಡ್ಯದ ಸ್ನೇಹಿತನ ಮುಖವನ್ನೂ ನೋಡಿದ್ದೆ. ಮುನ್ನೂರ ಅರವತ್ತೈದು ದಿನವೂ ನಗುವ ಮುಖ. ಆಗ ಅದರಲ್ಲಿ ನಗುವಿರಲಿಲ್ಲ, ಕಪಟವೂ ಇರಲಿಲ್ಲ. ನಮಗಾಗಿ ಹೋರಾಡುತ್ತಿದ್ದೇನೆ ಎಂದು ಅವನು ಮನಸಾರೆ ನಂಬಿದ್ದ.   

ಎರಡೂ ಗುಂಪು ಒಂದು ಹೆಜ್ಜೆ ಹಿಂದೆ ಸರಿದವು. ಗಾಜಿನಾಚೆಯ ಇಬ್ಬರೂ ಬಿದ್ದದ್ದನ್ನು ನೋಡಿದ್ದರು. ಅಧ್ಯಕ್ಷೆ ಏನೋ ಅಂದರು. ಉಪಾಧ್ಯಕ್ಷರು ತಲೆಯಾಡಿಸಿದರು. ಆ ವಾರದಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ತಲೆಯಾಡಿಸಿದ್ದು ಅದೇ ಮೊದಲು. ಗುರುವಾರದ ಸಭೆಯಲ್ಲಿ ಇಬ್ಬರೂ ಒಟ್ಟಿಗೇ ಬೇಡ ಎನ್ನುವುದು ನನಗೆ ಕಣ್ಣಮುಂದೆ ಬಂತು.

"ಗ್ರೂಪ್ ಫೋಟೋ," ಎಂದಳು ಮಗಳು.

ಕೂಗಲಿಲ್ಲ, ಹೇಳಿದಳು. ಕುರ್ಚಿಯ ಮೇಲೆ ಹತ್ತಿ ಇನ್ನೊಮ್ಮೆ ಹೇಳಿದಳು: "ಎಲ್ಲರೂ ಹೊರಗೆ ಬನ್ನಿ, ಗ್ರೂಪ್ ಫೋಟೋ. ಈಗ್ಲೇ, ಲೈಟ್ ಹೋಗುತ್ತೆ."

ನಮ್ಮವರ ಬಗ್ಗೆ ನನಗೆ ತಿಳಿದಿದ್ದು ಅವಳಿಗೂ ಇಷ್ಟು ಚೆನ್ನಾಗಿ ತಿಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ಉಪ್ಪಿಟ್ಟು ಕೆದಕುತ್ತಿದ್ದವರು ಒಲೆ ಆರಿಸಿದರು. ಬೀಗದ ಕಡೆಯವರೂ ಆಪ್ ಕಡೆಯವರೂ ತಲೆ ಬಾಚಿಕೊಂಡರು. "ಮಕ್ಕಳು ಮುಂದೆ, ಎತ್ತರ ಇರೋರು ಹಿಂದೆ," ಎಂದು ಮಂಡ್ಯದ ಸ್ನೇಹಿತನೇ ಮುಂದಾಳಾದ. ಐದೇ ನಿಮಿಷದಲ್ಲಿ ಹಾಲ್ ಖಾಲಿ. ನಲವತ್ತು ಜನ ಅಂಗಳದಲ್ಲಿ, ಸೈಕಲ್ ಸ್ಟ್ಯಾಂಡಿನ ಮುಂದೆ. ನಮ್ಮಲ್ಲಿ ಗ್ರೂಪ್ ಫೋಟೋ ಎಂದರೆ ಒಂದು ಫೋಟೋ ಅಲ್ಲ. ಎಲ್ಲರ ಫೋನಲ್ಲೂ ಒಂದೊಂದು, ಹೆಂಗಸರದು ಬೇರೆ, ಜಿಲ್ಲೆವಾರು ಬೇರೆ, ತಡವಾಗಿ ಬಂದವರಿಗಾಗಿ ಮತ್ತೆ ಮೊದಲಿಂದ. ಮಗಳು ಒಳಗಿಂದ ಡಬ್ಬಿಗಳನ್ನೂ ಕುಕ್ಕರನ್ನೂ ಒಂದೊಂದಾಗಿ ತಂದು ಅವರ ಪಕ್ಕ ಇಟ್ಟಳು. "ಇಲ್ಲೇ ಊಟ ಮಾಡಿ ಆಂಟಿ, ಪಿಕ್‌ನಿಕ್ ಥರ," ಎಂದಳು. ಚಳಿಯಲ್ಲಿ ಕೋಟು ಹಾಕಿಕೊಂಡು ನಿಂತೇ ಅವರು ಚಿತ್ರಾನ್ನ ತಿಂದರು. ಬಹಳ ಚೆನ್ನಾಗಿತ್ತಂತೆ.

ನಾನು ಹಾಲ್‌ಗೆ ಹೋದಾಗ ಅಧ್ಯಕ್ಷೆ ಮತ್ತು ಉಪಾಧ್ಯಕ್ಷರು ನೆಲದ ಮೇಲೆ ಮಂಡಿಯೂರಿ ಗರಿಗಳನ್ನು ಆರಿಸುತ್ತಿದ್ದರು. ನಾನೂ ಕೂತೆ. ಕ್ಷಮಿಸಿ ಎಂದೆ. ಯಾರಿಂದ ಹೀಗಾಯಿತು ಎಂದು ಅವರು ಕೇಳಲಿಲ್ಲ.

"ಇವರೆಲ್ಲ ಯಾರು?" ಎಂದರು ಅಧ್ಯಕ್ಷೆ.

"ಸಹಾಯಕ್ಕೆ ಬಂದವರು," ಎಂದೆ.

"ಯಾರಿಗೆ ಸಹಾಯ?"

ನಿಮಗೆ ಎಂದೆ. ಅವರು ಉಪಾಧ್ಯಕ್ಷರ ಮುಖ ನೋಡಿದರು.

"ನಮ್ಮ ಊಟ ಏಳಕ್ಕೆ ಮುಗಿಯುತ್ತದೆ," ಎಂದರು ಅಧ್ಯಕ್ಷೆ, ನೆಲ ನೋಡುತ್ತಲೇ. "ವಯಸ್ಸಾದವರು. ಎಂಟಕ್ಕೆ ಮಲಗುವವರು."

"ಸೂರ್ಯ ಮುಳುಗುವುದು ಏಳೂವರೆ ದಾಟಿದ ಮೇಲೆ," ಎಂದರು ಉಪಾಧ್ಯಕ್ಷರು. "ಅದಕ್ಕೆ ಮುಂಚೆ ನಮಗೆ ಊಟವೇ ಇಲ್ಲ."

 ಹೊತ್ತು ಹಂಚಿಕೊಳ್ಳುವುದರಲ್ಲಿ ಕಷ್ಟವೇ ಇರಲಿಲ್ಲ. ಇಬ್ಬರಿಗೂ ಅದು ಮೊದಲಿನಿಂದ ಗೊತ್ತಿತ್ತು. ಸೂರ್ಯ ಎಷ್ಟಕ್ಕೆ ಮುಳುಗುತ್ತಾನೆಂಬುದು ಈ ಊರಲ್ಲಿ ಗುಟ್ಟೇನಲ್ಲ. ವಾರವಿಡೀ ನಡೆದದ್ದು ಹಾಲ್‌ಗಾಗಿಯೂ ಅಲ್ಲ, ಓವನ್‌ಗಾಗಿಯೂ ಅಲ್ಲ. ನನ್ನ ಬುಕಿಂಗೇ ನಿಜವಾದದ್ದು ಎಂದು ಇನ್ನೊಬ್ಬರ ಬಾಯಿಂದ ಬರಬೇಕಿತ್ತು. ಅದು ಆ ಸಂಜೆಯೂ ಬರಲಿಲ್ಲ. ಬೀಗ ಹಲಗೆಯಲ್ಲೇ ಇತ್ತು, ಬುಕಿಂಗ್ ಆಪ್‌ನಲ್ಲೇ ಇತ್ತು. ಆಲೂಗಡ್ಡೆಯ ಟ್ರೇ ಮೊದಲು ಒಳಗೆ ಹೋಯಿತು, ಅದು ಹೊರಬಂದ ಮೇಲೆ ಬುರೆಕ್.

ಕಸ ಗುಡಿಸುತ್ತಿದ್ದಾಗ ಉಪಾಧ್ಯಕ್ಷರು ಒಬ್ಬರೇ ಸಿಕ್ಕರು. ಮಗಳ ಹೋಮ್‌ವರ್ಕಿನ ವಿಷಯ ಹೇಳಿದೆ. ಏನಾದರೂ ಹೇಳಬೇಕಿತ್ತು, ಅದಕ್ಕೆ ಹೇಳಿದೆ. ಇಂದು ಇಲ್ಲಿ ಚಿಕ್ಕದೊಂದು ಯುದ್ಧವೇ ಆಗಿಹೋಯಿತು ಎಂದೆ.

ಅವರು ಪೊರಕೆ ನಿಲ್ಲಿಸಿದರು. "ನಾನು ಯುದ್ಧ ನೋಡಿದ್ದೇನೆ. ಇದು ಮಂಡಳಿ ಸಭೆ," ಎಂದರು. ಮತ್ತೆ ಗುಡಿಸತೊಡಗಿ, "ಆದರೆ ಅಲ್ಲಿಯೂ ಮೊದಮೊದಲು ಹೀಗೇ ಇತ್ತು," ಎಂದರು. ನಕ್ಕರೋ ಇಲ್ಲವೋ ನಾನು ಖಚಿತವಾಗಿ ಹೇಳಲಾರೆ. ಮೀಸೆ ದಪ್ಪ.

ಮಂಗಳವಾರ ಶಾಲೆಯಲ್ಲಿ ಮಗಳು ಚಕ್ರವರ್ತಿಯಾಗಿ ನಿಂತಳು. ಏನು ಹೇಳಿದಳೆಂದು ಪೂರ್ತಿ ನನಗೆ ಗೊತ್ತಿಲ್ಲ. ಮನೆಯಲ್ಲಿ ಹೇಳಿದ್ದು ಇಷ್ಟು: "ಬಂದೋರೆಲ್ಲ ನನ್ನ ದೇವರ ಹೆಸರಲ್ಲೇ ಬಂದ್ರು, ನಂಬ್ಕೊಂಡೇ ಬಂದ್ರು, ಆದ್ರೆ ಒಬ್ಬೊಬ್ಬರ ಜೇಬಲ್ಲೂ ಬೇರೆ ಬೇರೆ ಏನೋ ಇತ್ತು ಅಂದೆ. ಆಮೇಲೆ ನೂರು ವರ್ಷ ಆದ್ಮೇಲೆ ಇದೇ ಹೆಲ್ಪ್ ಮಾಡೋರು ನನ್ನ ಊರನ್ನೇ ಲೂಟಿ ಮಾಡಿದ್ರು ಅಂದೆ." ಒಬ್ಬ ಹುಡುಗ ಇದಕ್ಕೆ ಯಾರ ತಪ್ಪು ಎಂದು ಕೇಳಿದನಂತೆ. ಶಿಕ್ಷಕಿ ಅದು ಮುಂದಿನ ವಾರದ ಪ್ರಶ್ನೆ ಎಂದರಂತೆ.

ಗುರುವಾರ ಸಂಜೆ ಸಭೆ. ನಾನು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಗಂಡ ಅದನ್ನೇ ತಿಂದ. ಮಗಳು ಊಟವನ್ನೇ ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕಾಲ ಸಪ್ಪಳವಾದಾಗೆಲ್ಲ ಅವಳ ಕತ್ತು ಬಾಗಿಲ ಕಡೆ ತಿರುಗುತ್ತಿತ್ತು. ಅಧ್ಯಕ್ಷೆ, ಉಪಾಧ್ಯಕ್ಷರು ಇಬ್ಬರೂ ಒಟ್ಟಿಗೇ ಬಂದರು. ಒಬ್ಬರನ್ನೇ ಕಳಿಸಿದರೆ ಅವರು ಬೇರೇನಾದರೂ ಹೇಳಿಯಾರು ಎಂದು ಇಬ್ಬರಿಗೂ ಅನ್ನಿಸಿರಬೇಕು.

"ಒಮ್ಮತದ ತೀರ್ಮಾನ," ಎಂದರು ಅಧ್ಯ‍ಕ್ಷೆ, ಚಪ್ಪಲಿ ಇಡುವ ಜಾಗದಲ್ಲೇ ನಿಂತು. "ಇನ್ನೊಂದು ವರ್ಷ ಇರಬಹುದು."

ಗಂಡ ಎರಡೂ ಕೈ ಮುಗಿದ. ಉಪಾಧ್ಯಕ್ಷರು ಕೈ ಎತ್ತಿ ತಡೆದರು. "ಒಂದು ಷರತ್ತಿದೆ. ಹಾಲ್‌ಗೆ ಸಂಬಂಧಪಟ್ಟ ಯಾವ ವಿಷಯದಲ್ಲೂ ನಿಮ್ಮ ಕುಟುಂಬ ಯಾರಿಗೂ ಸಹಾಯ ಮಾಡಬಾರದು."

"ಯಾವ ರೀತಿಯ ಸಹಾಯವನ್ನೂ," ಎಂದರು ಅಧ್ಯಕ್ಷೆ.

"ನಡಾವಳಿಯಲ್ಲಿ ಹಾಗೇ ಬರೆದಿದೆ," ಎಂದರು ಉಪಾಧ್ಯಕ್ಷರು. ಇಬ್ಬರಿಗೂ ಆ ವಾಕ್ಯದ ಬಗ್ಗೆ ಹೆಮ್ಮೆಯಿದ್ದಂತೆ ಕಂಡಿತು. ಒಟ್ಟಿಗೆ ಕೂತು ಬರೆದದ್ದು ಅದೊಂದೇ ಇರಬಹುದು.

ಅವರು ಹೋದ ಮೇಲೆ ಮಗಳು ತನ್ನ ಕೋಣೆಗೆ ಹೋದಳು. ನಾನು ಹಿಂದೆ ಹೋಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವಳೇ ಹೊರಗೆ ಬಂದು, "ಅಪ್ಪ, ಡ್ರಿಲ್ ಎಲ್ಲಿದೆ?" ಎಂದಳು.

"ಡ್ರಿಲ್ ಯಾಕವ್ವಾ?"

"ಶೆಲ್ಫ್ ಹಾಕ್ಬೇಕು. ಮಂಚದ ಮೇಲೆ, ಗೋಡೆಗೆ."

ಎರಡು ವರ್ಷವಾಯಿತು ನಾವು ಈ ಮನೆಗೆ ಬಂದು. ಅವಳ ಕೋಣೆಯ ಗೋಡೆಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಹೊಡೆಯಬೇಡ ಎಂದು ನಾವು ಯಾವತ್ತೂ ಹೇಳಿರಲಿಲ್ಲ. ಓನರ್‌ಗೆ ಕೇಳಬೇಕಾಗುತ್ತದೆ ಎಂದೆ.

"ಕೇಳು," ಎಂದು ಹೇಳಿ ಅವಳು ಅಳತೆ ಟೇಪ್ ತೆಗೆದುಕೊಂಡು ಒಳಗೆ ಹೋದಳು.